ಗೋಡೆಯ ಮೇಲಿನ ಹೊನ್ನು: ಸಿನಿಮಾ ಭಿತ್ತಿಪತ್ರವನ್ನು ಓದುವ ಬಗೆ

ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಬರಹಗಳನ್ನು ನಮ್ಮ ಸೀಮೆಯ ಅತ್ಯಂತ ಹಳೆಯ ಸಾರ್ವಜನಿಕ ಪ್ರಕಟಣೆಗಳಲ್ಲಿ ಎಣಿಸಬಹುದು. ಅವುಗಳಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಇರುವುದು ಬ್ರಾಹ್ಮೀ ಅಕ್ಷರಗಳ ಸಾಲು ಮಾತ್ರ. ಬಂಡೆಯ ಬಳಿಗೆ ಬಂದು, ನಿಂತು, ನಿಧಾನವಾಗಿ ಓದತಕ್ಕವನಿಗಾಗಿ ಕೆತ್ತಿದ ಅಕ್ಷರಗಳವು.

ಬೆಟ್ಟವನ್ನಿಳಿದು ಊರೊಳಕ್ಕೆ ಬಂದರೆ ಬೇರೊಂದು ಜಾತಿಯ ಪ್ರಕಟಣೆ ಕಣ್ಣಿಗೆ ಬೀಳುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಯಾವ ಊರೇ ಆಗಲಿ, ಜನ ಸೇರುವ ಕಡೆ ಗೋಡೆಯ ಮೇಲೆ ಸಿನಿಮಾ ಭಿತ್ತಿಪತ್ರಗಳುಂಟು. ಇವುಗಳನ್ನು ನೋಡುವವನು ನಿಲ್ಲುವುದಿಲ್ಲ. ಅವನು ಬಸ್ಸಿನಲ್ಲಿರುತ್ತಾನೆ, ಸೈಕಲ್ಲಿನ ಮೇಲಿರುತ್ತಾನೆ, ಸಂತೆಯ ಚೀಲ ಹೊತ್ತು ಅವಸರದಲ್ಲಿರುತ್ತಾನೆ. ನಿಲ್ಲದವನನ್ನು ಹಿಡಿದು ನಿಲ್ಲಿಸಿ, ಅವನ ಜೇಬಿನಿಂದ ಟಿಕೆಟ್ಟಿನ ಹಣವನ್ನು ಹೊರಡಿಸುವುದೇ ಭಿತ್ತಿಪತ್ರದ ಉದ್ಯೋಗ. ಈ ಉದ್ಯೋಗವನ್ನು ಅದು ಯಾವ ಉಪಾಯಗಳಿಂದ ಸಾಧಿಸುತ್ತದೆ? ಉತ್ತರದ ಹೆಚ್ಚಿನ ಭಾಗ ನಮ್ಮ ಕಣ್ಣಿನ ರಚನೆಯಲ್ಲಿಯೂ ಬೆಳಕಿನ ನಿಯಮಗಳಲ್ಲಿಯೂ ಅಡಗಿದೆ. ಅದನ್ನು ತಿಳಿದವನು ಭಿತ್ತಿಪತ್ರವನ್ನು ನೋಡಿ ಆನಂದಿಸಬಲ್ಲನು. ಅದರ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನೂ ನಿರ್ಣಯಿಸಬಲ್ಲನು.

ಮೂರು ಸೆಕೆಂಡುಗಳ ಲೆಕ್ಕ

ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುವ ಸವಾರನು ಸೆಕೆಂಡಿಗೆ 10 ಮೀಟರ್ ಸಾಗುತ್ತಾನೆ. 30 ಮೀಟರ್ ದೂರದಿಂದ ಭಿತ್ತಿಪತ್ರ ಅವನ ಕಣ್ಣಿಗೆ ಬಿದ್ದಿತೆಂದು ಇಟ್ಟುಕೊಳ್ಳೋಣ. ಅದನ್ನು ದಾಟಿಹೋಗುವುದಕ್ಕೆ ಅವನಿಗೆ ಹಿಡಿಯುವುದು 3 ಸೆಕೆಂಡು. ಆ 3 ಸೆಕೆಂಡುಗಳಲ್ಲಿ ರಸ್ತೆಯ ತಗ್ಗನ್ನೂ ಎದುರಿಗೆ ಬರುವ ಟ್ರ್ಯಾಕ್ಟರನ್ನೂ ಅವನು ನೋಡಬೇಕಷ್ಟೆ. ಉಳಿದ ಒಂದೋ ಎರಡೋ ಕ್ಷಣ ಮಾತ್ರ ಭಿತ್ತಿಪತ್ರದ ಪಾಲಿಗೆ ದಕ್ಕುತ್ತದೆ.

ಇನ್ನು ಕಣ್ಣಿನ ಶಕ್ತಿಯ ವಿಚಾರ. ಒಂದು ಡಿಗ್ರಿಯನ್ನು 60 ಸಮಭಾಗ ಮಾಡಿದರೆ ಒಂದೊಂದು ಭಾಗಕ್ಕೂ ಕೋನದ ನಿಮಿಷವೆಂದು ಹೆಸರು. ಇದು ಗಡಿಯಾರದ ನಿಮಿಷವಲ್ಲ. ಆರೋಗ್ಯವಂತ ಕಣ್ಣು ಸುಮಾರು ಒಂದು ನಿಮಿಷ ಕೋನದಷ್ಟು ದೂರವಿರುವ ಎರಡು ಗೆರೆಗಳನ್ನು ಎರಡೆಂದು ಗುರುತಿಸಬಲ್ಲದು. ಅದಕ್ಕಿಂತ ಹತ್ತಿರವಿದ್ದರೆ ಅವು ಒಂದಾಗಿ ಬೆರೆತು ತೋರುತ್ತವೆ. ಈ ಕೋನವು ದೂರದ 3438ನೆಯ ಒಂದು ಭಾಗಕ್ಕೆ ಸಮ. ಆದಕಾರಣ 30 ಮೀಟರ್ ದೂರದಲ್ಲಿ ಕಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ಅಂತರ ಸುಮಾರು 9 ಮಿಲಿಮೀಟರ್.

ಈ 9 ಮಿಲಿಮೀಟರಿನ ನಿಯಮ ಕನ್ನಡ ಲಿಪಿಗೆ ವಿಶೇಷವಾಗಿ ಕಠಿಣವಾದದ್ದು. ನಮ್ಮ ಅಕ್ಷರಗಳು ದುಂಡಗೆ, ಒಂದನ್ನೊಂದು ಹೋಲುವಂತೆ ಇವೆ. ‘ಪ’ ಮತ್ತು ‘ಷ’ಗಳ ನಡುವಿನ ಭೇದ ಒಳಗಿನ ಒಂದು ಗೆರೆ, ‘ದ’ ಮತ್ತು ‘ಧ’ಗಳ ಭೇದ ಕೆಳಗಿನ ಒಂದು ಸೀಳು. ಇಂಥ ಒಳಗೆರೆಯ ಸುತ್ತಲಿನ ಖಾಲಿ ಜಾಗ ಅಕ್ಷರದ ಎತ್ತರದ ಎಂಟನೆಯದೋ ಹತ್ತನೆಯದೋ ಒಂದು ಪಾಲಿರುತ್ತದೆ. ಆ ಜಾಗ 9 ಮಿಲಿಮೀಟರ್ ಇರಬೇಕಾದರೆ ಅಕ್ಷರ 8 ಸೆಂಟಿಮೀಟರಿಗೆ ಕಡಿಮೆ ಇರಕೂಡದು. ಇದು ಕಣ್ಣಿನ ಮೇರೆ ಮಾತ್ರ. ಕುಲುಕುವ ವಾಹನದ ಮೇಲಿಂದ ಸುಲಭವಾಗಿ ಓದಲು ಅದರ ಇಮ್ಮಡಿಯಷ್ಟಾದರೂ ಬೇಕು.

ಭಾರತದಲ್ಲಿ ರೂಢಿಯಲ್ಲಿರುವ ಒಂಟಿ ಹಾಳೆಯ ಭಿತ್ತಿಪತ್ರದ ಅಳತೆ 30 ಅಂಗುಲಕ್ಕೆ 40 ಅಂಗುಲ, ಎಂದರೆ ಸುಮಾರು 76 ಸೆಂಟಿಮೀಟರಿಗೆ 102 ಸೆಂಟಿಮೀಟರ್. 16 ಸೆಂಟಿಮೀಟರಿನ ಅಕ್ಷರಗಳನ್ನು ಅಡ್ಡಲಾಗಿ ಬರೆದರೆ ನಾಲ್ಕೈದಕ್ಕಿಂತ ಹೆಚ್ಚು ಹಿಡಿಸವು. 1975ರ ‘ಮಯೂರ’, 2022ರ ‘ಕಾಂತಾರ’ ಇಂಥ ಹೆಸರುಗಳು ಒಂದೇ ಸಾಲಿನಲ್ಲಿ ಧಾರಾಳವಾಗಿ ಕುಳಿತುಕೊಳ್ಳುತ್ತವೆ. 1972ರ ‘ಬಂಗಾರದ ಮನುಷ್ಯ’ ಎಂಬ ಹೆಸರಿನಲ್ಲಿ ಏಳು ಅಕ್ಷರಗಳು. ಕೊನೆಯದಕ್ಕೆ ಒತ್ತಕ್ಷರ ಬೇರೆ. ಅಂಥ ಹೆಸರು ದೂರದಿಂದ ಕಾಣಬೇಕಾದರೆ ಎರಡು ಸಾಲು ಬೇಕು, ಒತ್ತು ಇಳಿಯುವುದಕ್ಕೆ ಸಾಲಿನ ಕೆಳಗೆ ತೆರಪೂ ಬೇಕು. ಅಕ್ಷರಕ್ಕೆ ಕೊಟ್ಟ ಜಾಗವನ್ನು ಮುಖದಿಂದ ಕಿತ್ತುಕೊಳ್ಳಬೇಕಾಗುತ್ತದೆ. ಭಿತ್ತಿಪತ್ರ ರಚಿಸುವವನ ನಿತ್ಯದ ಜಗಳ ಇದೇ.

ಇಂದು ಭಿತ್ತಿಪತ್ರವು ಗೋಡೆಗಿಂತ ಮೊದಲು ಮೊಬೈಲಿನ ಪರದೆಯ ಮೇಲೆ ‘ಫಸ್ಟ್ ಲುಕ್’ ಎಂಬ ಹೆಸರಿನಿಂದ ಪ್ರಕಟವಾಗುತ್ತದೆ. ಇದರಿಂದ ಮೇಲಿನ ಲೆಕ್ಕ ಹಳತಾಯಿತೆಂದು ತಿಳಿಯಬೇಡಿರಿ. 35 ಸೆಂಟಿಮೀಟರ್ ದೂರದಲ್ಲಿ ಹಿಡಿದ 7 ಸೆಂಟಿಮೀಟರಿನ ಚಿತ್ರವೂ, 5 ಮೀಟರ್ ದೂರದ ಗೋಡೆಯ ಮೇಲಿನ 1 ಮೀಟರಿನ ಚಿತ್ರವೂ ಕಣ್ಣಿನಲ್ಲಿ ಮಾಡುವ ಕೋನ ಒಂದೇ. ಬೆರಳಿನಿಂದ ಪರದೆಯನ್ನು ಸರಸರನೆ ತಳ್ಳುವವನು ಮೋಟಾರ್ ಸೈಕಲ್ಲಿನ ಸವಾರನಿಗಿಂತಲೂ ಅವಸರದವನು.

ನಾಲ್ಕು ಶಾಯಿಗಳ ಸಂಸಾರ

ಭಿತ್ತಿಪತ್ರದ ಒಂದು ತುಣುಕನ್ನು ಭೂತಗನ್ನಡಿಯಡಿಯಲ್ಲಿ ಹಿಡಿದು ನೋಡಿರಿ. ನಾಯಕನ ಕೆನ್ನೆಯ ಮೈಬಣ್ಣ ಮಾಯವಾಗಿ, ಬಣ್ಣಬಣ್ಣದ ಚುಕ್ಕಿಗಳು ಮಾತ್ರ ಕಾಣುತ್ತವೆ. ಅಲ್ಲಿರುವ ಶಾಯಿಗಳು ನಾಲ್ಕೇ: ಸಯಾನ್ ಎಂಬ ತಿಳಿನೀಲಿ, ಮೆಜೆಂಟಾ ಎಂಬ ಕೆನ್ನೇರಿಳೆ, ಹಳದಿ ಮತ್ತು ಕಪ್ಪು. ಬಿಳಿಯ ಕಾಗದದ ಮೇಲೆ ಬಿದ್ದ ಬೆಳಕಿನಿಂದ ಸಯಾನ್ ಕೆಂಪನ್ನು ಕಳೆಯುತ್ತದೆ, ಮೆಜೆಂಟಾ ಹಸಿರನ್ನು ಕಳೆಯುತ್ತದೆ, ಹಳದಿ ನೀಲಿಯನ್ನು ಕಳೆಯುತ್ತದೆ. ಹಳದಿಯ ಮೇಲೆ ಮೆಜೆಂಟಾ ಬಿದ್ದಲ್ಲಿ ನೀಲಿಯೂ ಹಸಿರೂ ಹೋಗಿ ಕೆಂಪು ಉಳಿಯುತ್ತದೆ. ಹೀಗೆ ಬೆಳಕನ್ನು ಕಳೆಯುತ್ತ ಹೋಗುವುದರಿಂದ ಎಲ್ಲ ಬಣ್ಣಗಳೂ ಹುಟ್ಟುತ್ತವೆ. ಚುಕ್ಕಿಗಳ ನಡುವಣ ಅಂತರ ಕಾಲು ಮಿಲಿಮೀಟರ್ ಇದ್ದರೆ, ಅದೇ 3438ರ ನಿಯಮದಂತೆ, ಸುಮಾರು 86 ಸೆಂಟಿಮೀಟರಿನಾಚೆ ನಿಂತವನಿಗೆ ಚುಕ್ಕಿಗಳು ಒಂದರೊಳಗೊಂದು ಕರಗಿಹೋಗುತ್ತವೆ.

ಈ ಮುದ್ರಣ ವಿದ್ಯೆಗೆ ದೀರ್ಘವಾದ ಹಿನ್ನೆಲೆಯಿದೆ. ಕಲ್ಲಚ್ಚಿನಿಂದ ಬಣ್ಣದ ದೊಡ್ಡ ಭಿತ್ತಿಪತ್ರಗಳನ್ನು ತೆಗೆಯುವ ಕಲೆಯನ್ನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸ್ಸಿನ ಜೂಲ್ ಶೆರೆ ಪ್ರಸಿದ್ಧಿಗೆ ತಂದನು. 1895ರಲ್ಲಿ ಲೂಮಿಯೇರ್ ಸಹೋದರರು ಚಲನಚಿತ್ರಗಳನ್ನು ತೋರಿಸಲಾರಂಭಿಸಿದಾಗ ಆ ಪ್ರದರ್ಶನಗಳಿಗೂ ಭಿತ್ತಿಪತ್ರಗಳು ಸಿದ್ಧವಾದವು. ಅವುಗಳಲ್ಲೊಂದರಲ್ಲಿ ಪರದೆಯ ಮೇಲಿನ ತಮಾಷೆಯ ದೃಶ್ಯವಿದೆ. ಅದನ್ನು ನೋಡುತ್ತ ನಗುವ ಪ್ರೇಕ್ಷಕರೂ ಇದ್ದಾರೆ. ಚಿತ್ರದ ಜೊತೆಗೆ ನಗುವನ್ನೂ ಮಾರುವ ಈ ಜಾಣತನ ಮೊದಲಿನಿಂದಲೇ ಇತ್ತೆಂಬುದನ್ನು ಗಮನಿಸಿರಿ. ನಮ್ಮ ದೇಶದಲ್ಲಿ ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದು ದೇವದೇವಿಯರ ಬಣ್ಣದ ಚಿತ್ರಗಳನ್ನು ಮನೆಮನೆಗೆ ಮುಟ್ಟಿಸಿದನು. 1913ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ತೆರೆಗೆ ತಂದ ಫಾಲ್ಕೆಯವರು ಅದಕ್ಕೆ ಮುಂಚೆ ಆ ಮುದ್ರಣಾಲಯದಲ್ಲಿ ದುಡಿದವರು. ಕೊಲ್ಹಾಪುರದ ಬಾಬುರಾವ್ ಪೇಂಟರ್ 1924ರ ‘ಕಲ್ಯಾಣ ಖಜಿನಾ’ ಚಿತ್ರಕ್ಕೆ ರಚಿಸಿದ ಭಿತ್ತಿಪತ್ರ ಭಾರತದಲ್ಲಿ ಉಳಿದುಬಂದಿರುವ ಅತಿ ಹಳೆಯವುಗಳಲ್ಲೊಂದು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡದ್ದು 1934ರಲ್ಲಿ. ಮೊದಲ ಪೂರ್ಣಪ್ರಮಾಣದ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಬಂದದ್ದು 1964ರಲ್ಲಿ. ನಡುವಣ 30 ವರ್ಷ ಪರದೆಯ ಮೇಲೆ ಕಪ್ಪುಬಿಳುಪಿನದೇ ಆಳ್ವಿಕೆ. ಆದರೆ ಆ ಕಪ್ಪುಬಿಳುಪಿನ ಕಾಲದಲ್ಲಿಯೂ ಬಣ್ಣದ ಭಿತ್ತಿಪತ್ರಗಳು ಗೋಡೆಗೇರುತ್ತಿದ್ದವು. ಒಳಗೆ ಹೋದವನಿಗೆ ದೊರೆಯದ ಬಣ್ಣವನ್ನು ಹೊರಗಿನ ಗೋಡೆ ತೋರಿಸುತ್ತಿತ್ತು.

ಹೊನ್ನನ್ನು ಮಾಡುವ ಎರಡು ಬಗೆ

ಕೊಪ್ಪಳದ ಸಮೀಪದ ಕಿನ್ನಾಳ ಗ್ರಾಮದ ಚಿತ್ರಗಾರರು ಮರದ ಗೊಂಬೆಗಳಿಗೂ ದೇವರ ಮೂರ್ತಿಗಳಿಗೂ ಬಣ್ಣ ಕೊಡುವುದರಲ್ಲಿ ಹೆಸರಾದವರು. ಬಂಗಾರದ ಒಡವೆಯನ್ನು ಕಾಣಿಸಲು ಅವರು ಬಂಗಾರವನ್ನು ಬಳಸುವುದಿಲ್ಲ. ಬೆಳ್ಳಗಿನ ಲೋಹವನ್ನು ಅಂಟಿನೊಡನೆ ಅರೆದು ಬಳಿದು, ಉಜ್ಜಿ ಹೊಳಪು ಬರಿಸಿ, ಅದರ ಮೇಲೆ ಹಳದಿಯ ವಾರ್ನಿಷನ್ನು ಲೇಪಿಸುತ್ತಾರೆ. ಇದರಲ್ಲಿ ಶುದ್ಧವಾದ ಭೌತವಿಜ್ಞಾನವಿದೆ. ನಿಜವಾದ ಚಿನ್ನವು ನೀಲಿ ಬೆಳಕಿನಲ್ಲಿ ಹೆಚ್ಚು ಪಾಲನ್ನು ಹೀರಿ, ಹಳದಿ ಮತ್ತು ಕೆಂಪನ್ನು ಬಹುಮಟ್ಟಿಗೆ ಪೂರ್ತಿಯಾಗಿ ಪ್ರತಿಫಲಿಸುತ್ತದೆ. ಕಿನ್ನಾಳದ ಕೆಲಸದಲ್ಲಿ ನೀಲಿಯನ್ನು ತಡೆಯುವ ಕಾರ್ಯವನ್ನು ಹಳದಿಯ ಲೇಪವೂ, ಪ್ರತಿಫಲಿಸುವ ಕಾರ್ಯವನ್ನು ಬೆಳ್ಳಗಿನ ಲೋಹವೂ ಹಂಚಿಕೊಳ್ಳುತ್ತವೆ. ಕಣ್ಣಿಗೆ ಮುಟ್ಟುವ ಬೆಳಕು ಚಿನ್ನದಿಂದ ಬಂದ ಬೆಳಕಿನಂಥದೇ.

ಇದರ ಪಕ್ಕದಲ್ಲಿ ‘ಕೆ.ಜಿ.ಎಫ್’ ಚಿತ್ರದ ಭಿತ್ತಿಪತ್ರಗಳನ್ನಿಟ್ಟು ನೋಡೋಣ. ಪ್ರಶಾಂತ್ ನೀಲ್ ನಿರ್ದೇಶಿಸಿ ಯಶ್ ನಾಯಕರಾಗಿ ನಟಿಸಿದ ಈ ಚಿತ್ರದ ಮೊದಲ ಭಾಗ 2018ರ ಡಿಸೆಂಬರ್ 21ರಂದು ತೆರೆಕಂಡಿತು. ಕಪ್ಪು ಮತ್ತು ಕಂದಿನ ಕತ್ತಲು, ಅದರ ನಡುವೆ ಧೂಳು ಮಸಿ ಹಿಡಿದ ಗಡ್ಡದ ನಾಯಕ, ಹೊನ್ನಿನ ಕಾಂತಿಯ ಹೆಸರು: ಇವು ಆ ಭಿತ್ತಿಪತ್ರಗಳ ಮುಖ್ಯ ಸಾಮಗ್ರಿ. ಇಲ್ಲಿಯ ಹೊನ್ನಿನಲ್ಲಿ ಲೋಹವಿಲ್ಲ. ಅಚ್ಚ ಹಳದಿ, ಕಂದು, ಬಹುತೇಕ ಬಿಳುಪಾದ ಒಂದು ಮಿಂಚುಗೆರೆ, ಅದಕ್ಕೆ ತಾಗಿದಂತೆಯೇ ಕಡುಗಪ್ಪು. ಈ ಕ್ರಮದಲ್ಲಿ ಬಣ್ಣಗಳನ್ನು ಜೋಡಿಸಿದರೆ ಮನಸ್ಸು ಅದನ್ನು ಲೋಹದ ಹೊಳಪೆಂದು ತಿಳಿದುಕೊಳ್ಳುತ್ತದೆ.

ಎರಡನ್ನೂ ಪರೀಕ್ಷಿಸುವ ಸುಲಭವಾದ ಬಗೆಯೊಂದುಂಟು. ಕಿನ್ನಾಳದ ಮೂರ್ತಿಯ ಮುಂದೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಒಡವೆಯ ಮೇಲಿನ ಮಿಂಚು ನಿಮ್ಮೊಡನೆ ಸರಿಯುತ್ತದೆ; ಪ್ರತಿಫಲನದ ನಿಯಮ ಅದನ್ನು ಸರಿಸುತ್ತದೆ. ಭಿತ್ತಿಪತ್ರದ ಮುಂದೆ ಹಾಗೆಯೇ ಸರಿದರೆ ಹೊನ್ನಕ್ಷರದ ಮಿಂಚು ಇದ್ದಲ್ಲಿಯೇ ಇರುತ್ತದೆ. ಅದು ಮಿಂಚಿನ ಚಿತ್ರ.

ಈಗ ಸಂಕೇತಗಳತ್ತ ತಿರುಗೋಣ. ಒಂದು ಬಣ್ಣವೋ ವಸ್ತುವೋ ತನ್ನನ್ನು ಮೀರಿದ ಅರ್ಥವನ್ನು ಕೊಟ್ಟಾಗ ಅದನ್ನು ಸಂಕೇತವೆನ್ನುತ್ತೇವೆ. ಮೇಲಿನ ಭಿತ್ತಿಪತ್ರದ ಕಪ್ಪು ನೆಲದಡಿಯ ಗಣಿಯನ್ನೂ ಅಪರಾಧದ ಲೋಕವನ್ನೂ ಏಕಕಾಲದಲ್ಲಿ ಸೂಚಿಸುತ್ತದೆ. ಹೊನ್ನು ಸಂಪತ್ತು, ಮಸಿ ದುಡಿಮೆ. ಈ ಮೂರನ್ನೂ ಒಂದೇ ಮುಖದ ಸುತ್ತ ಸೇರಿಸಿದ್ದರಿಂದ, ಬಡತನದಿಂದ ಎದ್ದು ಬರುವವನ ಕಥೆಯಿದೆಂದು ಒಂದಕ್ಷರವನ್ನೂ ಓದದವನಿಗೆ ತಿಳಿಯುತ್ತದೆ. ಕಪ್ಪಿನ ಮೇಲೆ ಹಳದಿ ಎದ್ದು ಕಾಣುವುದಕ್ಕೆ ಕಣ್ಣಿನ ಸಹಾಯವೂ ಉಂಟು. ಹಗಲಿನಲ್ಲಿ ನಮ್ಮ ಕಣ್ಣು ಅತ್ಯಂತ ಚುರುಕಾಗಿರುವುದು ಸುಮಾರು 555 ನ್ಯಾನೋಮೀಟರ್ ಅಲೆಯುದ್ದದ ಹಳದಿ ಮಿಶ್ರಿತ ಹಸಿರಿಗೆ. ಹಳದಿಯ ಶಾಯಿ ಅದನ್ನು ಬಹುಪಾಲು ಹಿಂದಿರುಗಿಸುತ್ತದೆ, ಕಪ್ಪು ನುಂಗಿಬಿಡುತ್ತದೆ.

ಸಂಕೇತ ಎಷ್ಟು ಬೇಗ ಅರ್ಥ ಕೊಡುತ್ತದೆಯೋ ಅಷ್ಟನ್ನು ಮುಚ್ಚಿಯೂ ಇಡುತ್ತದೆ. ಚಿತ್ರದ ಕಥೆ ಕಲ್ಪಿತವಾದದ್ದು. ನಿಜವಾದ ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ನಮಗೆ ನೆರೆಯ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿಯುಂಟು. ಅಲ್ಲಿ ಒಂದು ಟನ್ ಅದುರಿನಲ್ಲಿ ಇರುವ ಚಿನ್ನ ಕೆಲವೇ ಗ್ರಾಮು. ಅದನ್ನು ಹೊರತೆಗೆಯುವ ಕಲ್ಲುಪುಡಿ, ರಾಸಾಯನಿಕ ಮತ್ತು ಬೆವರಿನ ಕೆಲಸದಲ್ಲಿ ಹೊನ್ನಿನ ಹೊಳಪು ಕಾಣುವುದು ಕಟ್ಟಕಡೆಗೆ.

ಎತ್ತರ ಮತ್ತು ನೆರಳು

ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಿತವಾದದ್ದನ್ನು ಓದುಗರು ಬಲ್ಲರು. ಕರ್ನಾಟಕದ ತೊಗಲುಗೊಂಬೆಯಾಟದಲ್ಲಿ ರಾಜನ ಗೊಂಬೆ ದೊಡ್ಡದು, ಸೇವಕನದು ಚಿಕ್ಕದು. ಪಾತ್ರದ ಅಂತಸ್ತಿಗೆ ತಕ್ಕಂತೆ ಅಳತೆ. ಸಿನಿಮಾ ಭಿತ್ತಿಪತ್ರವೂ ಇದೇ ವ್ಯಾಕರಣವನ್ನು ಅನುಸರಿಸುತ್ತದೆ. ನಾಯಕನ ತಲೆ ಬೆಟ್ಟದಷ್ಟು, ಹಾಸ್ಯನಟನದು ಮೂಲೆಯಲ್ಲಿ ಲಿಂಬೆಹಣ್ಣಿನಷ್ಟು. ಎತ್ತರ ಇಮ್ಮಡಿಯಾದರೆ ಅದು ಆಕ್ರಮಿಸುವ ಜಾಗ ನಾಲ್ಮಡಿಯಾಗುತ್ತದೆ ಎಂಬ ರೇಖಾಗಣಿತವನ್ನು ನೆನೆದರೆ, ಮುಖಗಳ ಅಳತೆಯಿಂದ ಯಾರ ಹೆಸರಿಗೆ ಟಿಕೆಟ್ಟು ಮಾರಾಟವಾಗಬೇಕಾಗಿದೆ ಎಂಬುದನ್ನು ಊಹಿಸಬಹುದು.

ನಾಯಕನ ನಿಲುವಿನಲ್ಲಿಯೂ ಒಂದು ಲೆಕ್ಕವಿದೆ. ಸಮತಟ್ಟಾದ ನೆಲದ ಮೇಲೆ ಕ್ಯಾಮೆರಾ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರದಲ್ಲಿ ದಿಗಂತರೇಖೆ ಎಲ್ಲ ಆಕೃತಿಗಳನ್ನೂ ಕತ್ತರಿಸುತ್ತದೆ. ಭಿತ್ತಿಪತ್ರದಲ್ಲಿ ದಿಗಂತವು ನಾಯಕನ ಮೊಣಕಾಲಿನ ಬಳಿ ಹಾದಿದ್ದರೆ ಕ್ಯಾಮೆರಾ ಮೊಣಕಾಲಿನ ಎತ್ತರದಲ್ಲಿತ್ತು ಎಂದರ್ಥ. ಎಂದರೆ ನೋಡುವವನನ್ನು ನೆಲದ ಮೇಲೆ ಕೂರಿಸಿ, ನಾಯಕನನ್ನು ಅವನೆದುರು ನಿಲ್ಲಿಸಿದಂತಾಯಿತು. ಚಿಕ್ಕ ಮಗು ದೊಡ್ಡವರನ್ನು ನೋಡುವ ನೋಟವಿದು. ಖಳನಾಯಕನ ಮುಖಕ್ಕೆ ಗದ್ದದ ಕೆಳಗಿನಿಂದ ಬೆಳಕು ಬಿಡುವುದೂ ಇಂಥದೇ ಉಪಾಯ. ಸೂರ್ಯ ಮೇಲಿನಿಂದ ಬೆಳಗುವುದಕ್ಕೆ ನಮ್ಮ ಕಣ್ಣು ಒಗ್ಗಿಹೋಗಿದೆ. ನೆರಳುಗಳು ತಲೆಕೆಳಗಾದರೆ ಪರಿಚಿತ ಮುಖವೂ ಅಪರಿಚಿತವಾಗುತ್ತದೆ.

1957ರ ಹಿಂದೀ ಚಿತ್ರ ‘ಮದರ್ ಇಂಡಿಯಾ’ದ ಹೆಸರಾಂತ ಭಿತ್ತಿಪತ್ರದಲ್ಲಿ ನರ್ಗಿಸ್ ನೇಗಿಲನ್ನು ಹೆಗಲಿಗೇರಿಸಿದ್ದಾರೆ. ಹೆಗಲ ಮೇಲಿನ ಭಾರ, ಹಿಂಜರಿಯದ ಮುಖ. ಇಷ್ಟರಲ್ಲೇ ಇಡೀ ಕಥೆಯ ತಿರುಳಿದೆ. ಅಂಥ ಭಿತ್ತಿಪತ್ರ ಹಿಂದಿಯನ್ನರಿಯದ ಒಕ್ಕಲಿಗನಿಗೂ ಅರ್ಥವಾಗುತ್ತದೆ. ಮಾರುವ ಸಾಧನವಾಗಿಯೂ ಸತ್ಯಕ್ಕೆ ಹತ್ತಿರವಾಗಿರಲು ಭಿತ್ತಿಪತ್ರಕ್ಕೆ ಸಾಧ್ಯವೆಂಬುದಕ್ಕೆ ಇದು ನಿದರ್ಶನ.

ಒಂದೇ ಹಾಳೆ, ಹತ್ತು ಸಾರಿ

ಊರ ಗೋಡೆಯ ಮೇಲೆ ಒಂದೇ ಭಿತ್ತಿಪತ್ರವನ್ನು ಸಾಲಾಗಿ ಆರೋ ಎಂಟೋ ಹಚ್ಚುವುದನ್ನು ನೀವು ಕಂಡಿದ್ದೀರಿ. ಇದು ಕಾಗದದ ದುಂದಲ್ಲ. ಒಂದು ಹಾಳೆಗೆ ಸಿಕ್ಕುವ ಕ್ಷಣ ಸಾಲದಾದಾಗ ಎಂಟು ಹಾಳೆಗಳು ಆ ಕ್ಷಣವನ್ನು ಹಿಗ್ಗಿಸುತ್ತವೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾನ್ಸ್ 1968ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇನ್ನೊಂದು ಕಾರಣವನ್ನು ತೋರಿಸಿದವು. ಅರ್ಥವಿಲ್ಲದ ಶಬ್ದವನ್ನೋ ಗುರುತನ್ನೋ ಮತ್ತೆ ಮತ್ತೆ ಕಂಡ ಮಾತ್ರಕ್ಕೆ ಜನರಿಗೆ ಅದು ಮೆಚ್ಚಿಗೆಯಾಗತೊಡಗುತ್ತದೆ. ಪರಿಚಯವನ್ನು ನಾವು ಗುಣವೆಂದು ಭ್ರಮಿಸುತ್ತೇವೆ.

ಹಾಳೆಯ ಕೆಳಗೆ ಅಂಟಿಸುವ ಚೀಟಿಯನ್ನೂ ಮರೆಯಬಾರದು. ಮುಖ್ಯ ಭಿತ್ತಿಪತ್ರ ದೂರದ ದೊಡ್ಡ ಮುದ್ರಣಾಲಯದಿಂದ ಬರುತ್ತದೆ. ಊರಿನ ಚಿತ್ರಮಂದಿರದ ಹೆಸರು, ‘ಇಂದಿನಿಂದ’, ‘ದಿನಾಲು 4 ಆಟಗಳು’ ಎಂಬ ಮಾತುಗಳು ಬೇರೆ ಚೀಟಿಯಲ್ಲಿರುತ್ತವೆ. ಭಾಷೆಯ ವಿಚಾರದಲ್ಲಿಯೂ ಇದೇ ಮಿತವ್ಯಯ. ‘ಕೆ.ಜಿ.ಎಫ್’ ಕನ್ನಡ, ತೆಲುಗು, ತಮಿಳು, ಮಲಯಾಳಂ, ಹಿಂದೀ ಎಂಬ ಐದು ಭಾಷೆಗಳಲ್ಲಿ ತೆರೆಕಂಡಿತು. ಮುಖವೂ ಬಣ್ಣವೂ ಅವೇ ಇರುವಾಗ ಅಕ್ಷರಗಳನ್ನು ಬದಲಿಸಿದರೆ ಸಾಕು. ತುಂಗಭದ್ರೆಯ ಕಾಲುವೆ ಬಂದ ಮೇಲೆ ತೆಲುಗು ಮಾತಾಡುವ ಒಕ್ಕಲುಗಳು ನೆಲೆಸಿದ ಗಂಗಾವತಿಯ ಸುತ್ತಿನ ಕ್ಯಾಂಪುಗಳಲ್ಲಿ ಚಿತ್ರಕ್ಕಿರುವ ಈ ಭಾಷಾತೀತ ಶಕ್ತಿಯ ಬೆಲೆ ಚೆನ್ನಾಗಿ ತಿಳಿಯುತ್ತದೆ.

ಇಷ್ಟೆಲ್ಲದರ ನಡುವೆ ಮೂಲೆಯಲ್ಲಿ ‘ಯು’, ‘ಯು/ಎ’ ಅಥವಾ ‘ಎ’ ಎಂಬ ಪ್ರಮಾಣಪತ್ರದ ಗುರುತು ಇರುತ್ತದೆ. 2023ರ ತಿದ್ದುಪಡಿಯ ನಂತರ ‘ಯು/ಎ’ ವರ್ಗವನ್ನು 7, 13 ಮತ್ತು 16 ವಯಸ್ಸುಗಳಿಗೆ ತಕ್ಕಂತೆ ವಿಂಗಡಿಸಲಾಗಿದೆ. ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಗಳಿಗೆ ಎಲ್ಲಕ್ಕಿಂತ ಉಪಯುಕ್ತವಾದ ಈ ಗುರುತು ಒಂದೆರಡು ಸೆಂಟಿಮೀಟರ್ ಎತ್ತರದ್ದು. ಅದನ್ನು ರಸ್ತೆಯ ಆಚೆ ಬದಿಯಿಂದ ಓದಬಹುದೇ ಎಂಬುದನ್ನು ಮೇಲಿನ ನಿಯಮದಿಂದ ನೀವೇ ಲೆಕ್ಕ ಹಾಕಿರಿ.

ಬಿಸಿಲು ಮತ್ತು ಮುಸ್ಸಂಜೆ

ಮೈದಾ ಅಂಟಿನಿಂದ ಹಚ್ಚಿದ ಭಿತ್ತಿಪತ್ರವನ್ನು ದನಗಳು ಕಿತ್ತು ತಿನ್ನದಿದ್ದರೆ ಅದರ ಮುಂದಿನ ಶತ್ರು ಬಿಸಿಲು. ಸೂರ್ಯನ ಅತಿನೇರಿಳೆ ಕಿರಣಗಳು ಶಾಯಿಯ ಅಣುಗಳನ್ನು ಒಡೆಯುತ್ತವೆ. ಹಳದಿ ಮತ್ತು ಮೆಜೆಂಟಾಗಳು ಬೇಗ ಸೋಲುತ್ತವೆ; ಸಯಾನ್ ಮತ್ತು ಇಂಗಾಲದ ಕಪ್ಪು ಬಹುಕಾಲ ತಾಳುತ್ತವೆ. ಆದ್ದರಿಂದಲೇ ಹಳೆಯ ಭಿತ್ತಿಪತ್ರಗಳಲ್ಲಿ ನಾಯಕಿಯ ಕೆಂಪು ಸೀರೆ ಮಾಸಿ, ಇಡೀ ಚಿತ್ರ ನೀಲಿಗೆ ತಿರುಗಿರುತ್ತದೆ. ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿನ ಬಂಡೆಗಳ ಮೇಲಿನ ಇತಿಹಾಸಪೂರ್ವ ಕಾಲದ ಚಿತ್ರಗಳು ಮಾತ್ರ ಇನ್ನೂ ಕೆಂಪಾಗಿವೆ. ಅಲ್ಲಿಯ ಕೆಂಪು ಕಾವಿಯದು, ಕಬ್ಬಿಣದ ಆಕ್ಸೈಡಿನದು. ಬಿಸಿಲು ಅದನ್ನು ಸುಲಭವಾಗಿ ಕೆಡಿಸಲಾರದು. ಎರಡು ವಾರ ಬಾಳಿದರೆ ಸಾಕೆನ್ನುವ ಮುದ್ರಕನು ಎರಡು ಸಾವಿರ ವರ್ಷದ ಶಾಯಿಗೆ ಹಣ ಸುರಿಯುವುದಿಲ್ಲ.

ಮುಸ್ಸಂಜೆಯಲ್ಲಿ ಕೆಂಪಿಗೆ ಮತ್ತೊಂದು ಗಂಡಾಂತರ. ಬೆಳಕು ಕ್ಷೀಣಿಸಿದಂತೆ ಕಣ್ಣಿನ ಚುರುಕು ನೀಲಿಯ ಕಡೆಗೆ ಸರಿಯುತ್ತದೆ. ಇದನ್ನು ಮೊದಲು ಗುರುತಿಸಿದ ವಿಜ್ಞಾನಿಯ ಹೆಸರಿನಿಂದ ಪುರ್ಕಿನ್ಯೆ ಪರಿಣಾಮವೆನ್ನುತ್ತಾರೆ. ಹಿತ್ತಿಲಿನ ಕೆಂಪು ದಾಸವಾಳ ಸಂಜೆ ಎಲೆಗಳಿಗಿಂತ ಮೊದಲು ಕಪ್ಪಾಗುವುದನ್ನು ಯಾರೂ ನೋಡಬಹುದು. ಸಂಜೆಯ ಆಟಕ್ಕೆ ಜನ ಹೊರಡುವ ಹೊತ್ತಿಗೆ ಸರಿಯಾಗಿ ಕೆಂಪು ಹೆಸರು ಮಂಕಾಗಬಾರದೆಂದರೆ ಅದರ ಸುತ್ತ ಬಿಳಿಯ ಅಂಚು ಬೇಕಾಗುತ್ತದೆ.

ನೋಡುವವನ ಕರ್ತವ್ಯ

ಇಷ್ಟನ್ನು ತಿಳಿದಮೇಲೆ ಸಿನಿಮಾ ನೋಡಬಾರದೇ ಎಂದು ಕೇಳಬೇಡಿರಿ. ಧಾರಾಳವಾಗಿ ನೋಡಿರಿ. ಆದರೆ ಭಿತ್ತಿಪತ್ರ ಚಿತ್ರದ ಪರವಾಗಿ ವಾದಿಸುವ ವಕೀಲ. ಅದನ್ನು ಸಾಕ್ಷಿಯೆಂದು ಎಣಿಸಕೂಡದು.

ಈ ಎಚ್ಚರ ಟಿಕೆಟ್ಟಿನ ಹಣಕ್ಕಿಂತ ದೊಡ್ಡ ಸಂಗತಿಗಳಲ್ಲಿ ಬೇಕಾಗುತ್ತದೆ. ಪರೀಕ್ಷೆಯ ಫಲಿತಾಂಶ ಬಂದ ಮರುದಿನ ನಮ್ಮ ಊರುಗಳ ವೃತ್ತಗಳಲ್ಲಿ ಕಾಲೇಜುಗಳ, ಟ್ಯೂಷನ್ ಕೇಂದ್ರಗಳ ಫ್ಲೆಕ್ಸ್ ಫಲಕಗಳು ಏಳುತ್ತವೆ. ಅಲ್ಲಿಯೂ ಹಳದಿಯ ಮೇಲೆ ಕೆಂಪು ಅಂಕೆಗಳು. ಮೊದಲ ಸ್ಥಾನದವನ ಮುಖ ಬೆಟ್ಟದಷ್ಟು, ಉಳಿದವರದು ಲಿಂಬೆಹಣ್ಣಿನಷ್ಟು. ಒಂದೇ ಫಲಕ ಐದು ಕಡೆ. ಪರೀಕ್ಷೆಗೆ ಕುಳಿತವರು ಎಷ್ಟು ಮಂದಿ, ತೇರ್ಗಡೆಯಾಗದವರು ಎಷ್ಟು ಮಂದಿ, ಶುಲ್ಕವೆಷ್ಟು ಎಂಬುದಕ್ಕೆ ಅಲ್ಲಿ ಜಾಗವಿರುವುದು ಅಪರೂಪ. ಒಣಬೇಸಾಯದ ಮನೆಯೊಂದು ವರ್ಷದ ಬೆಳೆಯ ಹಣವನ್ನು ಮಗಳ ಪ್ರವೇಶಕ್ಕೆ ಕಟ್ಟುವ ಮುನ್ನ ಈ ಫಲಕವನ್ನೇ ಸಾಕ್ಷಿಯೆಂದು ತಿಳಿದರೆ ಆಗುವ ನಷ್ಟ ಒಂದು ಆಟದ ಟಿಕೆಟ್ಟಿನದಲ್ಲ.

ಆದಕಾರಣ ಮುಂದೆ ಯಾವುದೇ ಭಿತ್ತಿಪತ್ರದ ಎದುರು ನಿಂತಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಇಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಯಾವುದು? ಎಲ್ಲಕ್ಕಿಂತ ಚಿಕ್ಕದಾಗಿ ಬರೆದಿರುವುದು ಯಾವುದು? ನನ್ನನ್ನು ಎಷ್ಟು ಎತ್ತರದಿಂದ ನೋಡುವಂತೆ ಮಾಡಿದ್ದಾರೆ? ಇದರಲ್ಲಿ ಏನನ್ನು ಬರೆದೇ ಇಲ್ಲ? ಗೆಳೆಯರಿಬ್ಬರು ಸೇರಿ ಅಳತೆಪಟ್ಟಿ ಹಿಡಿದು, ಒಂದು ಗೋಡೆಯ ಐದು ಭಿತ್ತಿಪತ್ರಗಳ ಮೇಲೆ ಈ ಪ್ರಶ್ನೆಗಳನ್ನು ಪ್ರಯೋಗಿಸಿ, ಉತ್ತರಗಳನ್ನು ಒಂದು ಪಟ್ಟಿಯಾಗಿ ಬರೆದಿಡಿರಿ. ಅರ್ಧ ಗಂಟೆಯ ಕೆಲಸವದು. ಬೇಕಾದ ಉಪಕರಣ ಕಣ್ಣು ಮತ್ತು ಅಳತೆಪಟ್ಟಿ, ಇವೆರಡೇ.